ಎದುರುಗಾಳಿಯ ಎರಡು ಗಂಟೆ

“ಹೋಗೋಕೆ ಆರು ಗಂಟೆ, ಬರೋಕೆ ಎಂಟು ಗಂಟೆನಾ? ಅದೆಂಥ ದಾರಿನೇ ಅದು, ಹೋಗುವಾಗ ಗಿಡ್ಡ, ಬರುವಾಗ ಉದ್ದ?”

ಪಕ್ಕದ ಮನೆಯ ಲತೋಫತ್ ಇದನ್ನು ಕೆಟ್ಟ ಮನಸ್ಸಿನಿಂದ ಕೇಳಿದಳು ಅಂತ ಹೇಳುವ ಹಾಗಿಲ್ಲ. ಅವಳು ಎಲ್ಲ ಮಾತನ್ನೂ ಹಾಗೆಯೇ ಆಡುವವಳು, ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗುಳಿದ ಹಾಗೆ. ಸಿಪ್ಪೆ ಯಾರ ಮಡಿಲಿಗೆ ಬಿತ್ತು ಅಂತ ತಿರುಗಿ ನೋಡುವ ಅಭ್ಯಾಸ ಅವಳಿಗಿಲ್ಲ. ಈ ಸಲ ಬಿದ್ದದ್ದು ಸನೋಬರಳ ಮಡಿಲಿಗೆ.

“ಗಾಳಿ ಕಣೇ,” ಅಂದಳು ಸನೋಬರ್. ಅಂಗಳದ ಮಂಚದ ಮೇಲೆ, ಏಪ್ರಿಕಾಟ್ ಮರದ ಕೆಳಗೆ, ಇಬ್ಬರ ನಡುವೆ ಕೆಟಲು ಇತ್ತು. “ಅಷ್ಟು ಮೇಲೆ ಗಾಳಿ ಯಾವಾಗ್ಲೂ ಪಡುವಣದಿಂದ ಮೂಡಣಕ್ಕೆ ಬೀಸುತ್ತಂತೆ. ತಾಷ್ಕೆಂಟಿಂದ ಸಿಯೋಲ್‌ಗೆ ಹೋಗುವಾಗ ಬೆನ್ನಿಗೆ, ಬರುವಾಗ ಮುಖಕ್ಕೆ. ನಮ್ಮನೆಯವರು ಹೇಳ್ತಾರಲ್ಲ.”

“ಹೇಳ್ತಾರೆ, ಹೇಳ್ತಾರೆ! ನಮ್ಮನೆಯವರೂ ಹೇಳ್ತಿದ್ರು, ಚೋರ್ಸು ಬಜಾರಿಂದ ಬರೋಕೆ ಬಸ್ಸೇ ಸಿಗಲಿಲ್ಲ ಅಂತ. ಆಮೇಲೆ ಗೊತ್ತಾಯ್ತು, ಆ ಬಸ್ಸಿಗೆ ಎಂಥ ಹೆಸರಿತ್ತು, ಎಂಥ ಓಲೆ ಹಾಕ್ಕೊಂಡಿತ್ತು ಅಂತ.”

ಸನೋಬರ್ ಕೆಟಲು ಎತ್ತಿ ಲತೋಫತಳ ಬೋಗುಣಿಗೆ ಚಹಾ ಸುರಿದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಅಂಚಿನವರೆಗೆ ತುಂಬಿಸಿದಳು.

“ಅಯ್ಯೋ ನೋಡು, ತುಂಬಿಸೇ ಬಿಟ್ಲು! ಎದ್ದು ಹೋಗು ಅನ್ನೋದನ್ನ ಬಾಯಲ್ಲೇ ಹೇಳಬಾರದಿತ್ತಾ?”

ಕೂತಿರು ಅನ್ನಬೇಕಾದವರಿಗೆ ಎರಡು ಗುಟುಕು, ಹೊರಡು ಅನ್ನಬೇಕಾದವರಿಗೆ ತುಂಬು ಬೋಗುಣಿ. ತಾಷ್ಕೆಂಟಿನಲ್ಲಿ ಕೈಯಲ್ಲಿ ಕೆಟಲು ಹಿಡಿದವಳಿಗೆ ನಾಲಿಗೆಯ ಅವಶ್ಯಕತೆ ಇಲ್ಲ. ಆದರೆ ಲತೋಫತ್ ಚಹಾ ಕುಡಿದು ಹೊರಡುವ ಮೊದಲು ಫೋನು ತೆಗೆದಳು. “ಹೋಗ್ತೀನಿ ಮಾರಾಯ್ತಿ, ಇರು. ನಮ್ಮ ಮಗ ದೋನಿಯೋರ್ ಫೋಟೊ ಕಳಿಸಿದಾನೆ. ಸಿಯೋಲಲ್ಲಿ ಓದೋಕೆ ಹೋಗಿ ಒಣಕಲಾಗಿದ್ದ, ಈಗ ನಮ್ಮೂರ ಹೆಂಗಸೊಬ್ಬಳ ಹೋಟೆಲು ಸಿಕ್ಕಿದೆಯಂತೆ. ಪಲಾವು ತಿಂತಾ ಇದಾನೆ ನೋಡು, ಕೆನ್ನೆ ಹೇಗೆ ಉಬ್ಬಿದೆ!”

ಸನೋಬರ್ ನೋಡಿದಳು. ಹುಡುಗನ ಕೆನ್ನೆ ಉಬ್ಬಿತ್ತು. ಪಲಾವಿನ ಮೇಲೆ ಗಜ್ಜರಿ ಹಳದಿಯಾಗಿತ್ತು, ಎಣ್ಣೆ ಸ್ವಲ್ಪ ಜಾಸ್ತಿ. ಹುಡುಗನ ಹಿಂದೆ ಒಂದು ಗೋಡೆ, ಗೋಡೆಯಲ್ಲಿ ಅಡುಗೆಮನೆಯ ಕಿಂಡಿ, ಕಿಂಡಿಯಾಚೆ ತಂದೂರಿ ಒಲೆಯ ಬಾಯಿ. ಕಿಂಡಿಯ ಮೇಲೆ ಒಂದು ಮೊಳೆ. ಮೊಳೆಯಲ್ಲಿ ದಪ್ಪನೆಯ ದುಂಡು ರೊಟ್ಟಿಯೊಂದು ತೂಗುತ್ತಿತ್ತು.

ರೊಟ್ಟಿಯ ಅಂಚನ್ನು ಯಾರೋ ಕಚ್ಚಿದ್ದರು.

ಅವಳು ಎರಡು ಬೆರಳಿಂದ ಫೋಟೊ ದೊಡ್ಡದು ಮಾಡಿದಳು. ಕಚ್ಚಿದ ಜಾಗ ಅರ್ಧಚಂದ್ರದ ಹಾಗೆ ನುಣ್ಣಗಿರಲಿಲ್ಲ. ನಡುವೆ ಒಂದು ಸಣ್ಣ ದಿಬ್ಬ ಉಳಿದಿತ್ತು, ಕೋಳಿಯ ಜುಟ್ಟಿನ ಹಾಗೆ.

“ಏನೇ, ಮುಖ ಯಾಕೆ ಹಾಗಾಯ್ತು?”

“ಎಣ್ಣೆ ಜಾಸ್ತಿ ಹಾಕಿದಾಳೆ,” ಅಂದಳು ಸನೋಬರ್. “ಆ ಫೋಟೊ ನಂಗೊಂದು ಕಳಿಸು.”

ಆ ದಿಬ್ಬವನ್ನು ಅವಳು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು. ಅವಳ ಗಂಡ ಎರ್ಗಾಶ್ ಹುಡುಗನಾಗಿದ್ದಾಗ ಇದೇ ಏಪ್ರಿಕಾಟ್ ಮರದಿಂದ ಬಿದ್ದು ಮುಂದಿನ ಹಲ್ಲು ಓರೆಯಾಗಿ ಮುರಿದುಕೊಂಡಿದ್ದ. ಅವನಿಗೆ ವಿಮಾನದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸ, ಈಗ ಆ ತಂಡಕ್ಕೆಲ್ಲ ಅವನೇ ಹಿರಿಯ. ಮೊದಲನೇ ಸಲ ಹಾರುವ ದಿನ ಅವನ ತಾಯಿ ಕುಮ್ರಿ ಅಜ್ಜಿ ಹೊಸ್ತಿಲಲ್ಲಿ ಅವನನ್ನು ತಡೆದು ರೊಟ್ಟಿ ಕಚ್ಚಿಸಿದ್ದಳು. ದೂರ ಹೋಗುವವರು ಕಚ್ಚಿ ಬಿಟ್ಟ ರೊಟ್ಟಿ ಮೊಳೆಗೆ ಏರಬೇಕು, ತಿರುಗಿ ಬಂದವರೇ ಅದನ್ನು ಮುಗಿಸಬೇಕು, ಅಲ್ಲಿಯವರೆಗೆ ಆ ರೊಟ್ಟಿಯ ಋಣ ಅವರನ್ನು ಮನೆಯ ಕಡೆಗೆ ಎಳೆಯುತ್ತಿರುತ್ತದೆ. ಸೈನ್ಯಕ್ಕೆ ಹೋಗುವವರು, ದುಡಿಯಲು ಹೋಗುವವರು ವರ್ಷಕ್ಕೊಂದು ಸಲ ಕಚ್ಚುತ್ತಾರೆ. ಎರ್ಗಾಶ್ ವಾರ ಹತ್ತು ದಿನಕ್ಕೊಮ್ಮೆ ಕಚ್ಚುತ್ತಿದ್ದ. “ಬಸ್ ಕಂಡಕ್ಟರಿಗೂ ಕಚ್ಚಿಸ್ತೀಯಾ ಅಮ್ಮ?” ಅಂತ ಅವನು ನಕ್ಕರೆ ಅಜ್ಜಿ, “ಬಸ್ಸು ನೆಲದ ಮೇಲೆ ಹೋಗುತ್ತೆ, ಬಾಯಿ ತೆಗಿ,” ಅನ್ನುತ್ತಿದ್ದಳು.

ಹೀಗೆ ಇಷ್ಟು ವರ್ಷ ಸನೋಬರ್ ರೊಟ್ಟಿ ಸುಟ್ಟಳು, ಅವನು ಕಚ್ಚಿದ, ಆ ದಿಬ್ಬ ಅವಳ ಗೋಡೆಯ ಮೇಲೆ ಇರುತ್ತಿತ್ತು. ಅವನಿಲ್ಲದ ದಿನ ಅದನ್ನು ನೋಡಿಕೊಂಡೇ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಈಗ ಅದೇ ದಿಬ್ಬ ಐದು ಸಾವಿರ ಕಿಲೋಮೀಟರ್ ಆಚೆ ಇನ್ನೊಬ್ಬಳ ಗೋಡೆಯ ಮೇಲೆ. ಎಂದರೆ ಅಲ್ಲಿಂದ ಇಲ್ಲಿಗೆ ಬರುವಾಗಲೂ ಅವನು ಕಚ್ಚಿ ಬರುತ್ತಾನೆ. ಅವಳ ಲೆಕ್ಕದಲ್ಲಿ ಅವನದು ಊರು ಬಿಟ್ಟು ಪಯಣ, ಆಮೇಲೆ ಮನೆ. ಆ ಹೆಂಗಸಿನ ಲೆಕ್ಕದಲ್ಲಿ? ಅವಳಿಗೆ ಸಿಯೋಲೇ ಮನೆ, ತಾಷ್ಕೆಂಟೇ ಪಯಣ. ಅವಳು ಈರುಳ್ಳಿ ಹೆಚ್ಚುತ್ತಾ ಕಾಯುವುದು ಸನೋಬರಳ ಮನೆಯಿಂದ ಅವನು ಯಾವಾಗ ಹೊರಡುತ್ತಾನೆ ಅಂತ.

ಬೆನ್ನಿಗೆ ಗಾಳಿ ಹಾಕಿಕೊಂಡು ಓಡುವುದು ಅವಳ ಕಡೆಗೆ. ಕಾಲೆಳೆದುಕೊಂಡು ಬರುವುದು ತನ್ನ ಕಡೆಗೆ.

ಮರುದಿನ ಎರ್ಗಾಶ್ ಬಂದ. ಬೂಟು ಬಿಚ್ಚಿ, ಕೈ ತೊಳೆದು, ಮಂಚದ ಮೇಲೆ ಕೂತ. ಕುಮ್ರಿ ಅಜ್ಜಿ ಮೊಳೆಯಿಂದ ರೊಟ್ಟಿ ಇಳಿಸಿ, ಮುರಿದು, ಮಗನ ಸಾರಿನ ಬಟ್ಟಲಿಗೆ ಹಾಕಿದಳು. ಅವನು ತಿನ್ನುವಾಗ ಸನೋಬರ್ ಅವನ ಹಲ್ಲನ್ನೇ ನೋಡುತ್ತಿದ್ದಳು.

“ಎಷ್ಟು ಹೊತ್ತಾಯ್ತು ಈ ಸಲ?”

“ಎಂಟಕ್ಕೆ ಸ್ವಲ್ಪ ಕಮ್ಮಿ. ಗಾಳಿ ಜೋರಿತ್ತು.”

“ಯಾವ ಗಾಳಿ?”

“ಯಾವ ಗಾಳಿ ಅಂದ್ರೆ? ಎಂದಿನದೇ. ಗಾಳಿಗೆ ಹೆಸರಿರುತ್ತೇನೆ?”

“ಕೆಲವಕ್ಕೆ ಇರುತ್ತೆ.”

ಅಜ್ಜಿ ಸೌಟು ಕೆಳಗಿಟ್ಟು ಸೊಸೆಯ ಮುಖ ನೋಡಿದಳು. “ಏನೇ, ಗಾಳಿಗೂ ಸವತಿ ಪಟ್ಟ ಕಟ್ತಾ ಇದೀಯಾ?”

ಎರ್ಗಾಶ್ ನಕ್ಕ. ಸನೋಬರ್ ನಗಲಿಲ್ಲ. ಫೋಟೊ ಅವಳ ಜೇಬಿನ ಫೋನಿನಲ್ಲಿತ್ತು. ಮುಖಕ್ಕೆ ಹಿಡಿದು ಇದೇನು ಅಂತ ಕೇಳಬಹುದಿತ್ತು. ಕೇಳಿದರೆ ಉತ್ತರ ಸಿಗುತ್ತದೆ, ಆದರೆ ಅದು ಅವನು ಕೊಟ್ಟ ಉತ್ತರವಾಗಿರುತ್ತದೆ. ಅವಳಿಗೆ ಬೇಕಾಗಿದ್ದುದು ಉತ್ತರವಲ್ಲ, ಆ ಗೋಡೆ.

“ಮುಂದಿನ ಸಲ ನಾನೂ ಬರ್ತೀನಿ,” ಅಂದಳು.

“ಎಲ್ಲಿಗೆ?”

“ನೀವು ಹೋಗೋ ಕಡೆಗೆ. ಮನೆಯವರಿಗೆ ಟಿಕೆಟ್ ಕೊಡ್ತಾರೆ ಅಂತ ವರ್ಷವೂ ಹೇಳ್ತಿದ್ರಲ್ಲ.”

ಎರ್ಗಾಶನ ಚಮಚ ಬಟ್ಟಲಲ್ಲೇ ನಿಂತಿತು. “ಬಾ ಬಾ ಅಂತ ಎಷ್ಟು ಕರೆದೆ! ವಿಮಾನ ಅಂದ್ರೆ ಹೊಟ್ಟೆ ತೊಳಸುತ್ತೆ, ಅತ್ತೆನ ಯಾರು ನೋಡ್ಕೊತಾರೆ, ಟೊಮ್ಯಾಟೊ ಯಾರು ಬಾಟ್ಲಿಗೆ ತುಂಬ್ತಾರೆ ಅಂದೆ. ಈಗೇನು?” ಆಮೇಲೆ ಬಟ್ಟಲು ನೋಡುತ್ತಾ, “ಈಗ ಅಲ್ಲಿ ಚಳಿ ಕಣೆ,” ಅಂದ.

ಇಷ್ಟು ವರ್ಷ ಕರೆದಾಗ ಇಲ್ಲದ ಚಳಿ ಇವತ್ತೆಲ್ಲಿಂದ ಬಂತು ಅಂತ ಸನೋಬರ್ ಮನಸ್ಸಿನಲ್ಲೇ ಗಂಟು ಹಾಕಿಟ್ಟುಕೊಂಡಳು.

ಹೊರಡುವ ದಿನ ಅವಳು ಎಂದಿನ ಹಾಗೆ ಐದು ರೊಟ್ಟಿ ಸುಟ್ಟು ಕಟ್ಟಿದಳು. ಜೊತೆಯವರು ಕಿತ್ತುಕೊಂಡು ತಿನ್ನುತ್ತಾರೆ ಅಂತ ಎರ್ಗಾಶ್ ಹೇಳುತ್ತಿದ್ದ. ಆ ದಿನ ಕೈಯಲ್ಲಿ ಸಿಟ್ಟಿತ್ತು. ರೊಟ್ಟಿಯ ನಡುವೆ ಅಚ್ಚು ಒತ್ತುವಾಗ ತಳ ಕಾಣುವಷ್ಟು ಒತ್ತಿದಳು. ಹೊಸ್ತಿಲಲ್ಲಿ ಕುಮ್ರಿ ಅಜ್ಜಿ ಮಗನಿಗೆ ಒಂದು, ಸೊಸೆಗೆ ಒಂದು ಹಿಡಿದಳು. ಸನೋಬರ್ ಈವರೆಗೆ ರೊಟ್ಟಿ ಕಚ್ಚಿ ಎಲ್ಲಿಗೂ ಹೋದವಳಲ್ಲ. ಅಂಚನ್ನು ತುಟಿಯಿಂದ ಮುಟ್ಟಿದಳು.

“ಇಲಿ ಕಚ್ಚಿದ ಹಾಗೆ ಕಚ್ತೀಯಲ್ಲೇ! ಇಷ್ಟಕ್ಕೆ ಯಾವ ಋಣ ಎಳೆಯುತ್ತೆ? ಬಾಯಿ ತುಂಬ ಕಚ್ಚು. ನೀನು ಬರದೇ ಹೋದ್ರೆ ನಂಗೆ ಸಾರು ಯಾರು ಮಾಡಿಕೊಡ್ತಾರೆ?”

ಎರಡು ರೊಟ್ಟಿಗಳನ್ನೂ ಅಜ್ಜಿ ಅಕ್ಕಪಕ್ಕ ತೂಗುಹಾಕಿದಳು. ಬಾಗಿಲು ದಾಟುವಾಗ ಸನೋಬರ್ ತಿರುಗಿ ನೋಡಿದಳು. ಅವನದು ದಿಬ್ಬ, ತನ್ನದು ನುಣುಪು.

ವಿಮಾನದಲ್ಲಿ ಅವಳಿಗೆ ಹೊಟ್ಟೆ ತೊಳಸಲಿಲ್ಲ, ಹೊಟ್ಟೆ ಉರಿಯಿತು. ಎರ್ಗಾಶ್ ಇಸ್ತ್ರಿ ಮಾಡಿದ ಕೋಟು ತೊಟ್ಟು, ತುಟಿ ಮುಚ್ಚಿಕೊಂಡೇ ಅಗಲವಾಗಿ ನಗುತ್ತಾ ಸಾಲು ಸಾಲಿಗೆ ನೀರು ಕೊಡುತ್ತಿದ್ದ. ಮುರಿದ ಹಲ್ಲು ಕಾಣದ ಹಾಗೆ ನಗಲು ಅವನು ಕಲಿತಿದ್ದ. ಆ ನಗು ಪಕ್ಕದ ಸೀಟಿನ ಹುಡುಗಿಗೆ ಸಿಕ್ಕಿತು, ಮುಂದಿನ ಸೀಟಿನ ಮುದುಕನಿಗೆ ಸಿಕ್ಕಿತು, ಮಗು ಎತ್ತಿಕೊಂಡವಳಿಗೆ ಎರಡು ಸಲ ಸಿಕ್ಕಿತು. ತನ್ನ ಸರದಿ ಬಂದಾಗಲೂ ಅದೇ.

“ಎಲ್ರಿಗೂ ಒಂದೇ ನಗುವಾ?”

“ಇದು ಕೆಲಸದ ನಗು ಕಣೆ,” ಅಂತ ಅವನು ಪಿಸುಗುಟ್ಟಿದ. “ಮನೆದು ಬೇರೆ ಇದೆ.”

“ಮನೆದು ನೋಡಿ ಬಹಳ ದಿನ ಆಯ್ತು.”

ವಿಮಾನ ಓಡಿತು. ಹಿಂದಿನಿಂದ ಯಾರೋ ತಳ್ಳಿದ ಹಾಗೆ, ಮರಳುಗಾಡು, ಹಿಮದ ಬೆಟ್ಟ, ಮೋಡ ಒಂದರ ಹಿಂದೊಂದು ಸರಿದವು. ಇಷ್ಟು ಸಲೀಸಾಗಿ ಗಂಡನನ್ನು ಹೊತ್ತುಕೊಂಡು ಹೋಗಿ ಇನ್ನೊಬ್ಬಳ ಬಾಗಿಲಲ್ಲಿ ಇಳಿಸುವ ಆ ಗಾಳಿಯ ಮೇಲೆ ಸನೋಬರಳಿಗೆ ಎಂಥ ಮತ್ಸರ ಹುಟ್ಟಿತೆಂದರೆ, ಕಿಟಕಿ ತೆರೆಯುವ ಹಾಗಿದ್ದರೆ ಕೈ ಹೊರಗೆ ಹಾಕಿ ಅದರ ಕೂದಲು ಹಿಡಿದು ಎಳೆಯುತ್ತಿದ್ದಳು.

ಸಿಯೋಲಿನಲ್ಲಿ ವಿಮಾನದವರು ಇಳಿದುಕೊಳ್ಳುವ ವಸತಿಗೃಹದ ಕೋಣೆಯಲ್ಲಿ ಎರ್ಗಾಶ್ ಕೋಟು ಕಳಚಿ, ಉಳಿದ ರೊಟ್ಟಿಗಳಲ್ಲಿ ಎರಡನ್ನು ಶುಭ್ರವಾದ ಬಟ್ಟೆಯಲ್ಲಿ ಬೇರೆ ಸುತ್ತಿಟ್ಟ.

“ಅದು ಯಾರಿಗೆ?” ಕೇಳಿದಳು ಸನೋಬರ್.

“ಒಬ್ರಿಗೆ ಕೊಡ್ಬೇಕು. ಸ್ವಲ್ಪ ಕಣ್ಣು ಮುಚ್ಕೊತೀನಿ, ಆಮೇಲೆ ಒಟ್ಟಿಗೇ ಹೋಗೋಣ. ಹೋಗುವಾಗ ದಾರಿಲಿ ಹೇಳ್ತೀನಿ,” ಅಂದವನು, ಮಾತು ಮುಗಿಯುವ ಮೊದಲೇ ಗೊರಕೆ ಹೊಡೆದ.

ದಾರಿಯಲ್ಲಿ ಹೇಳುತ್ತಾನಂತೆ. ದಾರಿಯಲ್ಲಿ ಕಟ್ಟಿದ ಕಥೆ ಕೇಳುವ ಕರ್ಮ ತನಗೇಕೆ? ಸನೋಬರ್ ಆ ಎರಡು ರೊಟ್ಟಿಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು. ಕೆಳಗೆ ಟ್ಯಾಕ್ಸಿಯವನಿಗೆ ಫೋಟೊದ ಜೊತೆ ಲತೋಫತ್ ಕಳಿಸಿದ್ದ ವಿಳಾಸ ತೋರಿಸಿದಳು. ಅವನು ಇಳಿಸಿದ ಗಲ್ಲಿಯಲ್ಲಿ ಅಂಗಡಿ ಹಲಗೆಗಳ ಮೇಲೆ ಅವಳು ಓದಬಲ್ಲ ಅಕ್ಷರಗಳಿದ್ದವು, ಜೀರಿಗೆಯ ವಾಸನೆ ಇತ್ತು, ಯಾರೋ ತಾಷ್ಕೆಂಟಿನ ರಾಗದಲ್ಲಿ ಬೈದಾಡುತ್ತಿದ್ದರು.

ಹೋಟೆಲಿನ ಬಾಗಿಲು ತಳ್ಳಿದಾಗ ಒಳಗೆ ಗಿರಾಕಿಗಳಿರಲಿಲ್ಲ. ರೊಟ್ಟಿ ಅಲ್ಲೇ ಇತ್ತು, ಕಿಂಡಿಯ ಮೇಲೆ, ಮೊಳೆಯಲ್ಲಿ. ದಿಬ್ಬ ಸ್ಪಷ್ಟವಾಗಿ ಕಾಣುತ್ತಿತ್ತು.

ತಂದೂರಿಯೊಳಗೆ ಬಗ್ಗಿದ್ದ ಹೆಂಗಸು ತಲೆ ಎತ್ತಿದಳು. ಅವಳು ಚೆಲುವೆಯಾಗಿರಲಿಲ್ಲ. ದಪ್ಪ ದೇಹ, ಮೊಣಕೈವರೆಗೆ ಹಿಟ್ಟು, ಒಲೆಯ ಕಾವಿಗೆ ಕೆಂಪಾದ ಮುಖ, ಸನೋಬರಳಿಗಿಂತ ಏಳೆಂಟು ವರ್ಷ ಹಿರಿಯಳು. ಸನೋಬರಳಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಚೆಲುವೆಯಾಗಿದ್ದರೆ ನಾಲ್ಕು ದಿನದ ಮರುಳು ಅಂದುಕೊಳ್ಳಬಹುದಿತ್ತು. ಇದು ಹಾಗಲ್ಲ. ಇದು ಕೂತು ಮಾತಾಡಬಹುದಾದ ಮುಖ.

“ಬಾಮ್ಮ, ಕೂತ್ಕೊ. ಈಗಷ್ಟೇ ಊರಿಂದ ಬಂದ್ಯಾ? ಕೋಟು ನೋಡಿದ್ರೇ ಗೊತ್ತಾಗುತ್ತೆ. ಸಾರು ಕೊಡ್ಲಾ?”

ಸನೋಬರ್ ಗಂಟನ್ನು ಮೇಜಿನ ಮೇಲಿಟ್ಟಳು. ಹೆಂಗಸು ಹಿಟ್ಟಿನ ಕೈ ಒರೆಸಿಕೊಂಡು ಬಂದು, ಗಂಟು ಬಿಚ್ಚಿ, ರೊಟ್ಟಿ ಎತ್ತಿ ಮೂಗಿನ ಹತ್ತಿರ ಹಿಡಿದಳು. ಕಣ್ಣು ಮುಚ್ಚಿದಳು.

“ಸನೋಬರ್ ರೊಟ್ಟಿ! ಎರ್ಗಾಶ್ ಎಲ್ಲಿ? ಯಾರ ಕೈಲೋ ಕಳಿಸಿಬಿಟ್ನಾ ಸೋಮಾರಿ?”

“ಸುಟ್ಟವಳ ಕೈಲೇ ಕಳಿಸಿದಾರೆ.”

ಹೆಂಗಸು ಕಣ್ಣು ಬಿಟ್ಟಳು. ಏಪ್ರನ್ನಿನಿಂದ ಕುರ್ಚಿ ಒರೆಸಿದಳು, ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸಿದಳು.

“ನಾನು ಮರ್ಹಮತ್,” ಅಂದಳು. “ಕೂತ್ಕೊ ತಂಗಿ. ನೀನು ಇನ್ನೂ ಎತ್ತರ ಇರ್ತೀಯ ಅಂದ್ಕೊಂಡಿದ್ದೆ.”

ಚಹಾ ತಂದಳು. ಬೋಗುಣಿಗೆ ಎರಡೇ ಗುಟುಕು ಸುರಿದಳು. ಕೂತಿರು ಅನ್ನುವ ಅಳತೆ. ತುಂಬಿಸಿದ್ದರೆ ಸನೋಬರಳಿಗೆ ಜಗಳ ಸುಲಭವಾಗುತ್ತಿತ್ತು.

“ಅದು ಯಾರದು?” ಅಂತ ಸನೋಬರ್ ಕಿಂಡಿಯ ಕಡೆ ಗದ್ದ ಎತ್ತಿದಳು.

“ನಿನ್ನ ಗಂಡಂದು. ಹಲ್ಲು ನೋಡಿದ್ರೆ ಗೊತ್ತಾಗಲ್ವಾ?”

“ಗೊತ್ತಾಗಿಯೇ ಬಂದೆ. ನನ್ನ ಗಂಡ ನಿಮ್ಮ ಗೋಡೆ ಮೇಲೆ ಯಾಕೆ ತೂಗ್ತಾ ಇದಾನೆ?”

ಮರ್ಹಮತ್ ನಗಲು ಹೋದವಳು ಸನೋಬರಳ ಕಣ್ಣು ನೋಡಿ ನಿಲ್ಲಿಸಿದಳು. “ನಂಗೆ ಬೇಕಾಗಿರೋದು ಅವನಲ್ಲ ತಾಯಿ. ತಟ್ಟೆ ಹೊರೋ ಗಂಡಸನ್ನ ಇಟ್ಕೊಂಡು ನಾನೇನ್ಮಾಡ್ಲಿ, ತಟ್ಟೆ ನಾನೇ ಹೊರ್ತೀನಿ. ನಂಗೆ ಬೇಕಾಗಿರೋದು ಇದು.” ರೊಟ್ಟಿಯ ಮೇಲೆ ಅಂಗೈ ಇಟ್ಟಳು. “ಒಂದ್ಸಲ ಊಟಕ್ಕೆ ಬಂದವನು ಚೀಲದಿಂದ ನಿನ್ನ ರೊಟ್ಟಿ ತೆಗೆದು ಸಾರಿಗೆ ಅದ್ಕೊಂಡು ತಿಂತಾ ಇದ್ದ. ನನ್ನ ಹೋಟೆಲಲ್ಲಿ ಕೂತು ಬೇರೆ ರೊಟ್ಟಿ! ಬೈಯೋಕೆ ಹೋದೆ. ಒಂದು ಚೂರು ಕೊಟ್ಟ. ಬಾಯಿಗೆ ಹಾಕ್ಕೊಂಡೆ. ಅಷ್ಟೇ. ನಮ್ಮ ನೀರು, ನಮ್ಮ ಗೋದಿ. ಇಲ್ಲಿ ಎಷ್ಟು ನಾದಿದ್ರೂ ಅದು ಬರಲ್ಲ. ಅವತ್ತು ಹೊರಡುವಾಗ ನನ್ನ ರೊಟ್ಟಿ ಒಂದನ್ನ ಅವನ ಬಾಯಿಗೆ ತುರುಕಿದೆ. ಕಚ್ಚು, ಮತ್ತೆ ಬರ್ಬೇಕು, ಬರುವಾಗ ಎರಡು ತರ್ಬೇಕು ಅಂತ. ಅವತ್ತಿಂದ ಹೋಗುವಾಗೆಲ್ಲ ಕಚ್ತಾನೆ, ಬಂದಾಗ ಮುಗಿಸ್ತಾನೆ.”

“ನಂಗೆ ಯಾಕೆ ಹೇಳಲಿಲ್ಲ?”

“ನಾನೂ ಕೇಳ್ದೆ, ಹೆಂಡ್ತಿಗೆ ಹೇಳಿದೀಯೇನೋ ಅಂತ. ಹೇಳಿದ್ರೆ ಮೂರೇ ರೊಟ್ಟಿ ಕಟ್ತಾಳೆ ಅಂದ.”

ಸುಳ್ಳಲ್ಲ. ಸನೋಬರ್ ಮೂರೇ ಕಟ್ಟುತ್ತಿದ್ದಳು. ಆ ಮೂರನ್ನೂ ಎಣಿಸಿ, ತಿಂದದ್ದು ಯಾರು ಅಂತ ಕೇಳುತ್ತಿದ್ದಳು.

ಮರ್ಹಮತ್ ರೊಟ್ಟಿಯನ್ನು ತಿರುಗಿಸಿ ನಡುವಿನ ಅಚ್ಚು ನೋಡಿದಳು. “ಇವತ್ತು ಸಿಟ್ಟಲ್ಲಿ ಒತ್ತಿದೀಯ. ನೋಡು, ಆ ಕಡೆ ಬೆಳಕು ಕಾಣುತ್ತೆ. ಹೋದ ಚಳಿಗಾಲದಲ್ಲಿ ಒಂದೆರಡು ಸಲ ಹಿಟ್ಟು ಹುಳಿ ಬಂದಿತ್ತು. ಆಗ ಮನೇಲಿ ಯಾರಿಗೋ ಹುಷಾರಿರಲಿಲ್ಲ ಅಲ್ವಾ? ನಾದಿಟ್ಟು ಮರೆತಿದ್ದೆ ನೀನು.”

“ಅತ್ತೆಗೆ,” ಅಂದಳು ಸನೋಬರ್. “ಎದೆ ಕಟ್ಕೊಂಡಿತ್ತು. ಹುಳಿ ಬಂದಿದ್ದು ಇವರಿಗೆ ಗೊತ್ತೇ ಆಗಲಿಲ್ಲ.”

“ಗಂಡಸರ ನಾಲಿಗೆ! ವಸಂತದಲ್ಲಿ ನಿನ್ನ ಹತ್ರ ಕರಿಜೀರಿಗೆ ಮುಗಿದುಹೋಗಿತ್ತು, ಎಳ್ಳು ಹಾಕಿದ್ದೆ ನೀನು.”

ಸನೋಬರ್ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಹೊಸ ಥರದ ಉರಿಯೊಂದು ಹೊಟ್ಟೆಯಲ್ಲಿ ಹೊತ್ತಿಕೊಂಡಿತ್ತು. ಇವಳು ತನ್ನ ಗಂಡನನ್ನು ಕದ್ದಿರಲಿಲ್ಲ, ಸರಿ. ಆದರೆ ಸನೋಬರಳ ಕೈಯ ಸಿಟ್ಟು, ದುಃಖ, ಮರೆವು ಇವೆಲ್ಲ ಗಂಡನ ಕಣ್ಣಿಗೆ ಬೀಳಬೇಕಾಗಿದ್ದವು. ಅಷ್ಟು ವರ್ಷ ಪಕ್ಕದಲ್ಲೇ ಮಲಗಿದವನು ಓದದ್ದನ್ನು ಇವಳು ಇಷ್ಟು ದೂರದಲ್ಲಿ ಕೂತು ಬೆರಳಾಡಿಸಿ ಓದಿದ್ದಳು. ಯಾರ ಮೇಲೆ ಹೊಟ್ಟೆಕಿಚ್ಚು ಪಡಬೇಕು ಅನ್ನುವುದೇ ತಿಳಿಯದಾಯಿತು.

“ನಾನು ನಿಮ್ಮ ಜುಟ್ಟು ಹಿಡಿಯೋಕೆ ಅಂತಲೇ ಬಂದಿದ್ದೆ ಅಕ್ಕ.”

“ಹಿಡಿ. ಗಿಡ್ಡ ಇದೆ, ಒಲೆ ಮುಂದೆ ಉದ್ದ ಬಿಟ್ರೆ ಸುಟ್ಟುಹೋಗುತ್ತೆ.” ಮರ್ಹಮತ್ ಮತ್ತೆ ಎರಡು ಗುಟುಕು ಸುರಿದಳು. “ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಅಂದ್ಕೊಂಡ್ಯಾ? ಹೊರಡುವಾಗ ನಿಂಗೂ ಕಚ್ಚಿಸಿದ್ರಾ?”

“ಅತ್ತೆ ಕಚ್ಚಿಸಿದ್ರು. ಇವರ ಪಕ್ಕದಲ್ಲೇ ತೂಗುಹಾಕಿದಾರೆ.”

“ನೋಡು. ನಾಳೆ ನಾಡಿದ್ದು ಹೋಗಿ ನಿನ್ನ ರೊಟ್ಟಿ ನೀನು ಇಳಿಸ್ಕೊತೀಯ. ನಾನೂ ಬರುವಾಗ ಕಚ್ಚೇ ಬಂದೆ. ಹಳೇ ಊರಲ್ಲೇ ಮನೆ, ಕಾಲುವೆ ಪಕ್ಕ. ಎರಡು ವರ್ಷ ತೂಗ್ತಾ ಇತ್ತು. ಆಮೇಲೆ ನನ್ನ ಗಂಡ ಇನ್ನೊಬ್ಬಳನ್ನ ಕರ್ಕೊಂಡು ಬಂದ. ಅವಳು ಗೋಡೆಗೆ ಸುಣ್ಣ ಬಳಿಸುವಾಗ ಇಳಿಸಿದಳಂತೆ. ಎಸೆಯೋ ಹಾಗಿಲ್ವಲ್ಲ ರೊಟ್ಟಿನ? ನೆನೆಸಿ ಕೋಳಿಗೆ ಹಾಕಿದ್ರಂತೆ. ಅವನೇ ಫೋನಲ್ಲಿ ಹೇಳ್ದ. ಬೇಜಾರು ಮಾಡ್ಕೋಬೇಡ, ಕೋಳಿಗಳು ಚೆನ್ನಾಗಿ ತಿಂದ್ವು ಅಂತ.” ಅವಳು ಹಿಟ್ಟು ಒಣಗಿದ ಬೆರಳನ್ನು ಕೆರೆದುಕೊಂಡಳು. “ಟಿಕೆಟ್ ತಗೊಳೋಕೆ ಆಗಲ್ಲ ಅಂತಲ್ಲ. ಹನ್ನೊಂದು ವರ್ಷ ಆಯ್ತು. ಹೋಗಿ ಯಾರ ಮನೇಲಿ ಯಾವ ರೊಟ್ಟಿ ತಿನ್ಲಿ? ಅಲ್ಲಿ ನಂದು ಅನ್ನೋ ಒಂದು ಮೊಳೆ ಇಲ್ಲ. ಅದಕ್ಕೇ ನಿನ್ನ ಗಂಡನ್ನ ಇಲ್ಲಿ ಮೊಳೆಗೆ ಹಾಕಿದೀನಿ. ಯಾರಾದ್ರೂ ಬರ್ತಾರೆ ಅಂತ ಕಾಯೋಕೆ ಮನೆ ಬೇಡ ನೋಡು, ಒಂದು ಮೊಳೆ ಸಾಕು.”

ಕಾಯುತ್ತಾಳಂತೆ. ಒಪ್ಪಿಕೊಂಡಳಲ್ಲ! ಸನೋಬರಳೊಳಗೆ ಕರುಣೆ ಒಂದು ಕಡೆಯಿಂದ ಎದ್ದಿತು, ಮತ್ಸರ ಇನ್ನೊಂದು ಕಡೆಯಿಂದ ಎದ್ದಿತು. ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಅವಳು ಬೋಗುಣಿ ಕೆಳಗಿಟ್ಟು ಎದ್ದಳು. ಬುಟ್ಟಿಯಲ್ಲಿದ್ದ, ಆಗಷ್ಟೇ ಒಲೆಯಿಂದ ತೆಗೆದ ಒಂದು ರೊಟ್ಟಿ ಎತ್ತಿ ಮರ್ಹಮತಳ ಬಾಯಿಗೆ ಹಿಡಿದಳು.

“ಕಚ್ಚಿ.”

“ನಾನ್ಯಾಕೆ? ನಾನೆಲ್ಲಿಗೂ ಹೋಗ್ತಾ ಇಲ್ವಲ್ಲ.”

“ನಾನು ತಗೊಂಡು ಹೋಗಿ ನಮ್ಮನೇಲಿ ತೂಗುಹಾಕ್ತೀನಿ. ನಮ್ಮನೆ ಗೋಡೆಗೆ ಸುಣ್ಣ ಬಳಿಸೋದು ನಾನು. ಯಾರೂ ಇಳಿಸಲ್ಲ. ನೀವೇ ಬಂದು ಮುಗಿಸ್ಬೇಕು.”

ಮರ್ಹಮತಳ ಕಣ್ಣು ಸಣ್ಣದಾಯಿತು. “ಇದು ನನ್ನ ಮೇಲಿನ ಪ್ರೀತಿನೋ, ನನ್ನನ್ನ ಇಲ್ಲಿಂದ ಎಬ್ಬಿಸೋ ಉಪಾಯನೋ?”

“ಎರಡೂ. ಮತ್ತೆ ಅದು ಕೆಳಗಿಳೀಬೇಕು,” ಅಂತ ಸನೋಬರ್ ಕಿಂಡಿ ತೋರಿಸಿದಳು. “ನಿಮ್ಮದು ನಮ್ಮ ಗೋಡೆಗೆ, ನಮ್ಮದು ನಮ್ಮ ಮನೆಗೆ.”

“ಅಬ್ಬಾ, ಎಂಥ ಘಾಟಿ ನೀನು! ರೊಟ್ಟಿಗಳು?”

“ರೊಟ್ಟಿ ಬರುತ್ತೆ. ಮೂರಲ್ಲ, ಐದೇ ಕಟ್ತೀನಿ, ಎರಡು ನಿಮಗೆ. ಆದ್ರೆ ನಾನು ಕಳಿಸಿದ್ದು ಅಂತ ಬರುತ್ತೆ.”

ಮರ್ಹಮತ್ ಹೊಟ್ಟೆ ಕುಣಿಯುವ ಹಾಗೆ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಕೆನ್ನೆಗೆಲ್ಲ ಹಿಟ್ಟು ಮೆತ್ತಿತು. ಆಮೇಲೆ ರೊಟ್ಟಿಯನ್ನು ಕಚ್ಚಿದಳು. ಇಲಿ ಕಚ್ಚಿದ ಹಾಗಲ್ಲ, ಬಾಯಿ ತುಂಬ. ಅಗಿಯುತ್ತಾ ಸ್ಟೂಲು ಎಳೆದು ಹತ್ತಿ, ಎರ್ಗಾಶನ ರೊಟ್ಟಿಯನ್ನು ತಾನೇ ಇಳಿಸಿ ಸನೋಬರಳ ಕೈಗಿತ್ತಳು. ಬರೀ ಮೊಳೆ ಗೋಡೆಯಲ್ಲಿ ಉಳಿಯಿತು.

ಎರಡು ದಿನದ ಮೇಲೆ ವಾಪಸು ಹಾರುವಾಗ ಗಾಳಿ ಮುಖಕ್ಕಿತ್ತು. ವಿಮಾನ ಮರಳಿನಲ್ಲಿ ನಡೆಯುವ ಒಂಟೆಯ ಹಾಗೆ ಹೋಗುತ್ತಿತ್ತು. ಕೆಳಗಿನ ಬೆಟ್ಟಗಳು ಸರಿಯುತ್ತಲೇ ಇರಲಿಲ್ಲ. ಸನೋಬರ್ ಮಡಿಲಲ್ಲಿ ಗಂಟು ಇಟ್ಟುಕೊಂಡು ಕೂತಿದ್ದಳು. ಗಾಳಿ ನಿಜವಾಗಿಯೂ ಇತ್ತು. ಅದನ್ನು ಲತೋಫತಳಿಗೆ ಹೇಗೆ ಹೇಳಬೇಕು ಅಂತ ಯೋಚಿಸುತ್ತಿದ್ದಳು.

ಎರ್ಗಾಶ್ ತಟ್ಟೆಗಳನ್ನು ಎತ್ತಿ ಮುಗಿಸಿ, ಅವಳ ಸಾಲಿನ ಪಕ್ಕ ಬಗ್ಗಿ ನಿಂತ. ಆ ಎರಡು ದಿನ ಅವನು ತಾನಾಗಿ ಆ ಹೋಟೆಲಿನ ಮಾತೆತ್ತಿರಲಿಲ್ಲ. ಅವಳೂ ಎತ್ತಿರಲಿಲ್ಲ.

“ಮರ್ಹಮತ್ ಅಕ್ಕ ಫೋನಲ್ಲಿ ನಂಗೆ ಎಲ್ಲ ಹೇಳಿದ್ರು,” ಅಂದ.

“ನೀವು ಹೇಳಲಿಲ್ಲ.”

“ನಿದ್ದೆ ಬಂದುಬಿಡ್ತು ಕಣೆ.”

“ಎಷ್ಟು ವರ್ಷದ ನಿದ್ದೆ ಅದು?”

ಅವನು ಕತ್ತು ಕೆರೆದುಕೊಂಡ. “ನೀನು ಎಣಿಸ್ತೀಯ ಸನೋಬರ್. ರೊಟ್ಟಿ ಎಣಿಸ್ತೀಯ, ಗಂಟೆ ಎಣಿಸ್ತೀಯ. ಎಣಿಸೋರ ಹತ್ರ ಮಾತು ಬಾಯಿಗೇ ಬರಲ್ಲ.” ಆಮೇಲೆ ಗಂಟಿನ ಕಡೆ ನೋಡಿ, ನಿಜವಾದ ಚಿಂತೆಯಿಂದ ಕೇಳಿದ: “ಅವರು ಊರಿಗೆ ಬಂದುಬಿಟ್ರೆ ಅಲ್ಲಿ ನನ್ನ ಊಟಕ್ಕೇನು ಗತಿ?”

“ಇಳ್ಕೊಂಡ ಕಡೆ ಕೊಡೋ ಸೂಪು ಕುಡೀರಿ. ಹಸಿದ್ರೆ ಬೇಗ ಬರ್ತೀರ.”

“ಎದುರುಗಾಳಿ ಇರುತ್ತಲ್ಲೇ.”

“ಇರಲಿ. ಅದರ ಎರಡು ಗಂಟೆ ನಾನು ಇನ್ನು ಎಣಿಸಲ್ಲ. ಉಳಿದದ್ದು ಎಣಿಸ್ತೀನಿ.”

ಸನೋಬರ್ ಗಂಟು ಬಿಚ್ಚಿದಳು. ಒಂದರಲ್ಲಿ ದಿಬ್ಬ, ಇನ್ನೊಂದರಲ್ಲಿ ಅಗಲವಾದ ಅರ್ಧಚಂದ್ರ. ಅರ್ಧಚಂದ್ರದ್ದನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿ ಎದೆಗಾನಿಸಿಕೊಂಡಳು. ದಿಬ್ಬದ್ದನ್ನು ಗಂಡನ ಕಡೆ ಚಾಚಿದಳು.

“ಇಲ್ಲೇನಾ? ಡ್ಯೂಟಿ ಮೇಲಿದೀನಿ ಕಣೆ.”

“ನೀವು ಸಿಯೋಲಿಂದ ಹೊರಟಾಗ ಕಚ್ಚಿದ್ದಲ್ವಾ? ಇನ್ನು ಅಲ್ಲಿ ಅದನ್ನ ಮುಗಿಸೋಕೆ ಯಾರೂ ಕಾಯ್ತಾ ಇಲ್ಲ. ಮುಗಿಸಿ. ನಾನು ನೋಡ್ಬೇಕು.”

ಅವನು ಅತ್ತಿತ್ತ ನೋಡಿದ. ಪಕ್ಕದ ಸೀಟಿನ ಅಜ್ಜಿ ನಿದ್ದೆ ಮಾಡುತ್ತಿದ್ದಳು. ಅವನು ಬಗ್ಗಿ ಒಣಗಿದ ರೊಟ್ಟಿಗೆ ಬಾಯಿ ಹಾಕಿದ. ಅದು ಕಟಕಟ ಸದ್ದು ಮಾಡಿತು, ಚೂರುಗಳು ಇಸ್ತ್ರಿ ಮಾಡಿದ ಕೋಟಿನ ಮೇಲೆ ಉದುರಿದವು. ಅಷ್ಟರಲ್ಲಿ ಮುಂದಿನ ಸಾಲುಗಳಲ್ಲೆಲ್ಲೋ ಯಾರೋ ಕರೆಯುವ ಗುಂಡಿ ಒತ್ತಿದರು, ಅವರ ತಲೆಯ ಮೇಲೆ ಹಳದಿ ದೀಪ ಹೊತ್ತಿತು. ಉದ್ದ ಕೂದಲಿನ ಒಬ್ಬ ತರುಣಿ ಕತ್ತು ತಿರುಗಿಸಿ ಕಾಯುತ್ತಿದ್ದಳು. ಎರ್ಗಾಶ್ ಕೋಟು ಕೊಡವಿಕೊಂಡು ಅವಳ ಕಡೆ ನಡೆದ. ಎರಡೂ ಕೆನ್ನೆ ಉಬ್ಬಿತ್ತು, ಬಾಯಿ ತುಂಬ ರೊಟ್ಟಿ ಇತ್ತು, ಆದ್ದರಿಂದ ಆ ಒಂದು ಸಲ ಅವನಿಗೆ ನಗಲು ಆಗಲಿಲ್ಲ.